ಆರು ಪರೀಕ್ಷೆ, ಏಳು ಸಲ

ಐದು ವರ್ಷದ ಬಿ.ಆರ್ಕ್ ಮುಗಿಸಿ, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಮಾಡಿಸಿಕೊಂಡು, ನಾಲ್ಕು ವರ್ಷ ಬೆಂಗಳೂರಿನ ಸೈಟುಗಳಲ್ಲಿ ಧೂಳು ಕುಡಿದವಳು ನಾನು. ನಮ್ಮಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಮಾನ್ಯತೆ ಇರುವ ಪದವಿ ಕೈಯಲ್ಲಿದ್ದರೆ ನೋಂದಣಿ ಸಿಗುತ್ತದೆ, ಅದರ ಮೇಲೆ ಇನ್ನೊಂದು ಪರೀಕ್ಷೆ ಇಲ್ಲ. ಗಂಡನ ಕೆಲಸದ ಹಿಂದೆ ಶಿಕಾಗೊಗೆ ಬಂದ ಮೇಲೆ ತಿಳಿಯಿತು, ಇಲ್ಲಿ ಪರೀಕ್ಷೆ ಬರೆದು ಲೈಸೆನ್ಸ್ ಕೈಗೆ ಬರುವತನಕ ಆರ್ಕಿಟೆಕ್ಟ್ ಅಂತ ಹೇಳಿಕೊಳ್ಳುವ ಹಾಗೂ ಇಲ್ಲ ಅಂತ. ಆಫೀಸಿನವರು ನನ್ನ ಕಾರ್ಡಿನ ಮೇಲೆ ‘ಡಿಸೈನರ್’ ಎಂದು ಅಚ್ಚು ಹಾಕಿಸಿದರು. ದಾವಣಗೆರೆಯಿಂದ ಅಮ್ಮನ ಫೋನು: “ಅಷ್ಟು ಜನಕ್ಕೆ ಮನೆ ಕಟ್ಟಿಸಿಕೊಟ್ಟೀಯ, ಈಗೇನು ಮತ್ತೆ ಎಸ್ಸೆಸ್ಸೆಲ್ಸಿನಾ?”

ಹೆಚ್ಚೂಕಡಿಮೆ ಹಾಗೇ ಆಯಿತು.

ಮೊದಲ ವರ್ಷ ಬರೀ ಕಾಗದಪತ್ರದಲ್ಲೇ ಕಳೆಯಿತು. ನಮ್ಮ ಡಿಗ್ರಿಯನ್ನು ಇಲ್ಲಿನ ಡಿಗ್ರಿಯ ಜೊತೆ ವಿಷಯವಾರು ತೂಗಿ ನೋಡುತ್ತಾರೆ. ಅದಕ್ಕೆ ಕಾಲೇಜಿನಿಂದ ಮೊಹರು ಹಾಕಿದ ಲಕೋಟೆಯಲ್ಲಿ ಅಂಕಪಟ್ಟಿ ತರಿಸಬೇಕು. ನಮ್ಮ ಅಣ್ಣ ಆ ಕೌಂಟರಿನ ಮುಂದೆ ಎಷ್ಟು ಸಲ ನಿಂತನೋ, ಈಗಲೂ ಅದನ್ನು ಎತ್ತಿ ಆಡುತ್ತಾನೆ. ಜೊತೆಗೆ ಎಎಕ್ಸ್‌ಪಿ ಅಂತ ಲೈಸೆನ್ಸಿಗೆ ಬೇಕಾದ 3,740 ಗಂಟೆಗಳ ಕೆಲಸದ ಅನುಭವದ ಲೆಕ್ಕ. ಒಂದು ಮಾತು ಮಾತ್ರ ಹೇಳುತ್ತೇನೆ: ಗಂಟೆಗಳನ್ನು ಆಗಾಗ ದಾಖಲಿಸಿಬಿಡಿ. ಎಂಟು ತಿಂಗಳು ದಾಟಿದರೆ ಅರ್ಧಕ್ಕೆ ಮಾತ್ರ ಬೆಲೆ. ನಾನು ಸೋಮಾರಿತನ ಮಾಡಿ ಒಂದಷ್ಟು ಗಂಟೆಗಳನ್ನು ಹಾಗೇ ಕಳೆದುಕೊಂಡೆ.

ಲೈಸೆನ್ಸಿನ ಪರೀಕ್ಷೆಯ ಹೆಸರು ಎಆರ್‌ಇ. ನಡೆಸುವುದು ಇಲ್ಲಿನ ರಾಜ್ಯಗಳ ನೋಂದಣಿ ಮಂಡಳಿಗಳ ಒಕ್ಕೂಟವಾದ ಎನ್‌ಸಿಎಆರ್‌ಬಿ. ಆರು ಭಾಗಗಳು, ಯಾವುದನ್ನು ಮೊದಲು ಬರೆದರೂ ಆದೀತು. ನಾನು ಬರೆಯುವಾಗ ಒಂದೊಂದಕ್ಕೆ 235 ಡಾಲರ್. ಮೊದಲು ಪ್ರಾಕ್ಟೀಸ್ ಮ್ಯಾನೇಜ್‌ಮೆಂಟ್, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಕನ್‌ಸ್ಟ್ರಕ್ಷನ್ ಅಂಡ್ ಇವ್ಯಾಲ್ಯುಯೇಷನ್, ಈ ಮೂರನ್ನು ಒಂದರ ಹಿಂದೆ ಒಂದು ಬರೆದೆ. ಮೂರಕ್ಕೂ ತಳಹದಿ ಒಂದೇ: ಕರಾರುಪತ್ರಗಳು. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಸಿದ್ಧಪಡಿಸಿರುವ ಬಿ101 ಮತ್ತು ಎ201. ಮೊದಲನೆಯದು ಮಾಲೀಕರಿಗೂ ಆರ್ಕಿಟೆಕ್ಟಿಗೂ ನಡುವಿನ ಒಪ್ಪಂದ, ಎರಡನೆಯದು ಕಟ್ಟುವ ಕೆಲಸದ ಸಾಮಾನ್ಯ ಷರತ್ತುಗಳು.

ಎ201 ನನ್ನನ್ನು ಅಲ್ಲಾಡಿಸಿದಷ್ಟು ಬೇರೆ ಯಾವುದೂ ಅಲ್ಲಾಡಿಸಲಿಲ್ಲ. ಬೆಂಗಳೂರಿನಲ್ಲಿ ನನ್ನ ಬೆಳಗು ಶುರುವಾಗುತ್ತಿದ್ದದ್ದೇ ಮೇಸ್ತ್ರಿಯ ಫೋನಿನಿಂದ. “ಮೇಡಂ, ಸೆಂಟ್ರಿಂಗ್ ಸೋಮವಾರ ಬಿಚ್ಚಲಾ?” “ಬೇಡ ಮೇಸ್ತ್ರಿ, ಇನ್ನೊಂದು ವಾರ ಇರಲಿ ಬಿಡಿ.” ಸೆಂಟ್ರಿಂಗ್ ಅಂದರೆ ಕಾಂಕ್ರೀಟು ಗಟ್ಟಿಯಾಗುವತನಕ ಹಿಡಿದಿಡುವ ಹಲಗೆ, ಆಸರೆ. ಕಬ್ಬಿಣದ ಸುತ್ತ ಕಾಂಕ್ರೀಟಿಗೆ ಜಾಗ ಬಿಡಿಸುವ ಕವರ್ ಬ್ಲಾಕ್ ಇಡಿಸುವುದು, ಕಂಬಕ್ಕೆ ಸುತ್ತಿದ ಗೋಣಿಚೀಲ ಒಣಗಿದ್ದರೆ ಮುಂದೆ ನಿಂತು ನೀರು ಹಾಕಿಸುವುದು, ಇದನ್ನೆಲ್ಲ ಮಾಡುವವಳೇ ಒಳ್ಳೆಯ ಆರ್ಕಿಟೆಕ್ಟ್ ಎಂದು ನಂಬಿದ್ದೆ. ಎ201 ಹೇಳುವುದು ತದ್ವಿರುದ್ಧ. ಏನು ಕಟ್ಟಬೇಕು ಎಂಬುದು ನಕ್ಷೆಯಲ್ಲಿದೆ. ಹೇಗೆ ಕಟ್ಟಬೇಕು, ಯಾವುದು ಮೊದಲು, ಯಾವುದು ಆಮೇಲೆ, ಕೆಲಸದವರ ಸುರಕ್ಷತೆ ಹೇಗೆ, ಇವೆಲ್ಲ ಗುತ್ತಿಗೆದಾರನ ಹೊಣೆ. ಸೆಂಟ್ರಿಂಗ್ ಯಾವತ್ತು ಬಿಚ್ಚಬೇಕೆಂದು ಆರ್ಕಿಟೆಕ್ಟ್ ಬಾಯಿಬಿಟ್ಟು ಹೇಳಿದರೆ, ಸ್ಲ್ಯಾಬ್ ಕುಸಿದ ದಿನ ಆ ಹೊಣೆ ಅವಳ ತಲೆಗೂ ಸುತ್ತಿಕೊಳ್ಳಬಹುದು.

ಪರೀಕ್ಷೆಯ ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂದು ಒಪ್ಪಿಕೊಂಡೇ ಒಳಗೆ ಹೋಗಿರುತ್ತೇವೆ, ಹಾಗಾಗಿ ಇದು ನಾನೇ ಹೆಣೆದದ್ದು. ಸೈಟಿಗೆ ಹೋದಿರಿ, ಕಟ್ಟಿದ ಕಬ್ಬಿಣ ನಕ್ಷೆಯ ಪ್ರಕಾರ ಇಲ್ಲ. ಏನು ಮಾಡುತ್ತೀರಿ? ಕೆಲಸ ನಿಲ್ಲಿಸುತ್ತೀರಾ? ಕಬ್ಬಿಣ ಬಗ್ಗಿಸಿ ಕಟ್ಟುವ ಬಾರ್‌ಬೆಂಡರ್‌ನನ್ನು ಕರೆದು ಸರಿ ಮಾಡಿಸುತ್ತೀರಾ? ಒಪ್ಪಂದಕ್ಕೆ ಹೊಂದದ ಕೆಲಸ ಎಂದು ತಿರಸ್ಕರಿಸಿ ತಿಳಿಸುತ್ತೀರಾ? ಅಭ್ಯಾಸದ ಪ್ರಶ್ನೆಗಳಲ್ಲಿ ನಾನು ಮೊದಮೊದಲು ಕೆಲಸ ನಿಲ್ಲಿಸುತ್ತಿದ್ದೆ. ತಪ್ಪು. ನಿಲ್ಲಿಸುವ ಹಕ್ಕು ಮಾಲೀಕನದು, ಆರ್ಕಿಟೆಕ್ಟಿಗಿರುವುದು ತಿರಸ್ಕರಿಸುವ ಅಧಿಕಾರ. ಆಮೇಲಾಮೇಲೆ ಬಾರ್‌ಬೆಂಡರ್‌ನನ್ನು ಕರೆಯತೊಡಗಿದೆ. ಅದೂ ತಪ್ಪು. ಓದಿಗೆಂದು ಮಾಡಿಕೊಂಡಿದ್ದ ಕಾರ್ಡೊಂದರ ಮೇಲೆ ದಪ್ಪಕ್ಷರದಲ್ಲಿ ‘ಮೇಸ್ತ್ರಿ ಕೆಲಸ ಮೇಸ್ತ್ರಿಗೆ’ ಅಂತ ಬರೆದು ಫ್ರಿಜ್ಜಿಗೆ ಅಂಟಿಸಿದ ಮೇಲೆ ಕೈ ಸರಿಯಾದ ಉತ್ತರದ ಕಡೆಗೆ ಹೋಗತೊಡಗಿತು. ಮೂರೂ ಮೊದಲ ಸಲಕ್ಕೇ ಆದವು. ಈ ವ್ಯವಸ್ಥೆಯೇ ಸರಿ ಎಂದು ನಾನು ಒಪ್ಪಿಲ್ಲ, ಅದು ಬೇರೆ ಮಾತು. ಪರೀಕ್ಷೆ ನನ್ನ ಒಪ್ಪಿಗೆ ಕೇಳಿರಲಿಲ್ಲ.

ಎಲ್ಲ ಕಾರ್ಡುಗಳನ್ನೂ ಕನ್ನಡದಲ್ಲೇ ಬರೆದೆ. ಮಗ ಏಳುವ ಮುಂಚೆ, ಬೆಳಗ್ಗೆ ಐದರಿಂದ ಏಳರವರೆಗೆ ಓದು. ಆ ಹೊತ್ತಿನಲ್ಲಿ ಇಂಗ್ಲಿಷಿನ ಉದ್ದುದ್ದ ವಾಕ್ಯ ತಲೆಗೆ ಹತ್ತುತ್ತಿರಲಿಲ್ಲ. ಕಲಿತದ್ದು ನನ್ನ ಮಾತಿನಲ್ಲಿ ಒಂದು ಸಾಲಿಗೆ ಇಳಿದರೆ ಅರ್ಥವಾಗಿದೆ, ಇಳಿಯದಿದ್ದರೆ ಮತ್ತೆ ಓದಬೇಕು, ಅಷ್ಟೇ ಲೆಕ್ಕ.

ಉಳಿದ ಮೂರು ಭಾಗಗಳು ವಿನ್ಯಾಸ ಮತ್ತು ಕಟ್ಟಡದ್ದು. ಇಲ್ಲಿ ನಾನು ಗೆದ್ದೆ ಅಂದುಕೊಂಡಿದ್ದೆ. ಆದರೆ ಇಟ್ಟಿಗೆ, ಆರ್‌ಸಿಸಿ ಬಲ್ಲವಳಿಗೆ ಮರದ ಚೌಕಟ್ಟಿನ ಗೋಡೆಯೇ ಹೊಸದು: 16 ಇಂಚಿಗೊಂದು ಮರದ ಪಟ್ಟಿ, ನಡುವೆ ಚಳಿ ತಡೆಯುವ ಹತ್ತಿಯಂಥ ಇನ್ಸುಲೇಷನ್. ಬೆಂಗಳೂರಿನಲ್ಲಿ ಗಟ್ಟಿ ನೆಲ ಸಿಗುವತನಕ ಪಾಯ ಅಗೆಸುತ್ತಿದ್ದೆವು. ಶಿಕಾಗೊದಲ್ಲಿ ನೆಲ ಗಟ್ಟಿಯಿದ್ದರೂ ಪಾಯದ ತಳ 42 ಇಂಚಿನ ಕೆಳಗೆ ಹೋಗಬೇಕು. ಇಲ್ಲದಿದ್ದರೆ ಚಳಿಗಾಲದಲ್ಲಿ ಮಣ್ಣಿನ ನೀರು ಹೆಪ್ಪುಗಟ್ಟಿ ಉಬ್ಬಿ ಮನೆಯನ್ನೇ ಮೇಲೆತ್ತುತ್ತದೆ.

ಗಾಳಿಯ ತೇವ ಗೋಡೆಯೊಳಗೆ ಹೋಗದಂತೆ ತಡೆಯುವ ವೇಪರ್ ರಿಟಾರ್ಡರ್ ಎಂಬ ಹಾಳೆ ಗೋಡೆಯ ಯಾವ ಮಗ್ಗುಲಿಗೆ ಬರಬೇಕು ಎಂಬುದನ್ನು ಎಷ್ಟು ಸಲ ಓದಿದರೂ ತಿರುಗುಮುರುಗು ಮಾಡುತ್ತಿದ್ದೆ. ಜನವರಿಯ ಒಂದು ಸಂಜೆ ಸಾರು ಕುದಿಯುತ್ತಿತ್ತು, ಅಡುಗೆಮನೆಯ ಕಿಟಕಿಯ ಗಾಜಿನ ಒಳಮೈಯಿಂದ ನೀರು ಇಳಿಯುತ್ತಿತ್ತು. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುತ್ತದಲ್ಲ, ಅದೇ ಇದು. ಒಳಗಿನ ಬೆಚ್ಚನೆಯ ಹಸಿಗಾಳಿ ಗೋಡೆಯೊಳಗೆ ನುಗ್ಗಿ ತಣ್ಣನೆಯ ಪದರ ಮುಟ್ಟಿದರೆ ಅಲ್ಲೂ ಹೀಗೇ ಬೆವರುತ್ತದೆ, ಮರ ಕೊಳೆಯುತ್ತದೆ. ಹಾಗಾಗಿ ಚಳಿಯ ಊರಿನಲ್ಲಿ ಹಾಳೆ ಒಳಮಗ್ಗುಲಿಗೆ, ಬೆಚ್ಚಗಿರುವ ಕಡೆಗೆ. ಆ ಕಾರ್ಡಿನ ಮೇಲೆ ‘ಸಾರು, ಕಿಟಕಿ’ ಅಂತಷ್ಟೇ ಬರೆದೆ.

ಕಟ್ಟಡ ನಿಯಮಗಳ ಪುಸ್ತಕವಾದ ಬಿಲ್ಡಿಂಗ್ ಕೋಡನ್ನು ಬಾಯಿಪಾಠ ಮಾಡಲು ಹೋಗಿ ಒಂದು ತಿಂಗಳು ಹಾಳು ಮಾಡಿಕೊಂಡೆ. ಆಮೇಲೆ ನಮ್ಮ 40-60 ಸೈಟನ್ನು ಮನಸ್ಸಿನಲ್ಲಿಟ್ಟು, ಎಷ್ಟು ಜನ ಹಿಡಿಸುತ್ತಾರೆ, ಅವರು ಹೊರಬರಲು ಎಷ್ಟು ಬಾಗಿಲು ಬೇಕು ಎಂದು ಲೆಕ್ಕ ಹಾಕತೊಡಗಿದೆ. 2,400 ಚದರಡಿಯ ಸಭಾಂಗಣದಲ್ಲಿ ಬಿಡಿ ಕುರ್ಚಿ ಹಾಕಿದರೆ ತಲೆಗೆ 7 ಚದರಡಿ, ಅಂದರೆ 343 ಜನ. ಅದೇ ಸಭಾಂಗಣದಲ್ಲಿ ಮೇಜು ಕುರ್ಚಿ ಹಾಕಿ ಊಟ ಬಡಿಸಿದರೆ ತಲೆಗೆ 15, ಆಗ 160 ಜನ. ತಲೆಗೆ 0.2 ಇಂಚಿನಂತೆ 343 ಜನಕ್ಕೆ ಬಾಗಿಲುಗಳ ಒಟ್ಟು ಅಗಲ 68.6 ಇಂಚು, ಹೊರದಾರಿ ಕನಿಷ್ಠ ಎರಡು. ಈ ಲೆಕ್ಕ ಕಲಿತ ಮೇಲೆ ಊರಿಗೆ ಹೋದಾಗ ಯಾವ ಕಲ್ಯಾಣಮಂಟಪದಲ್ಲೂ ನೆಮ್ಮದಿಯಾಗಿ ಊಟಕ್ಕೆ ಕೂರಲಾಗುತ್ತಿಲ್ಲ.

ಎಡವಿದ್ದು ಈ ಮೂರರಲ್ಲಿ ಒಂದಾದ ಪ್ರಾಜೆಕ್ಟ್ ಪ್ಲ್ಯಾನಿಂಗ್ ಅಂಡ್ ಡಿಸೈನ್‌ನಲ್ಲಿ. 100 ಪ್ರಶ್ನೆ, ನಾಲ್ಕು ಗಂಟೆ ಐದು ನಿಮಿಷ, ನಡುವೆ 45 ನಿಮಿಷ ಬಿಡುವು. ಬಿಡುವಿಗೆ ಎದ್ದು ಹೋದರೆ ಅಲ್ಲಿಯವರೆಗೆ ನೋಡಿದ ಪ್ರಶ್ನೆಗಳಿಗೆ ಬೀಗ ಬೀಳುತ್ತದೆ, ಮತ್ತೆ ತೆರೆಯುವುದಿಲ್ಲ. ನಿಯಮ ಗೊತ್ತಿತ್ತು. ಆದರೂ ಆಮೇಲೆ ನೋಡೋಣವೆಂದು ಗುರುತು ಹಾಕಿ ಖಾಲಿ ಬಿಟ್ಟ ಹನ್ನೊಂದು ಪ್ರಶ್ನೆಗಳನ್ನು ಮರೆತು ಎದ್ದುಬಿಟ್ಟೆ. ಬಚ್ಚಲುಮನೆಯ ಬಾಗಿಲಲ್ಲಿ ನೆನಪಾಯಿತು. ಮರಳಿ ಬಂದ ಮೇಲೆ ತಲೆ ನಿಲ್ಲಲಿಲ್ಲ, ಕೊನೆಯಲ್ಲಿ ಬರುವ, ಕಡತಗಳನ್ನು ನೋಡಿ ಉತ್ತರಿಸಬೇಕಾದ ಕೇಸ್ ಸ್ಟಡಿಯ ಕಡತಗಳನ್ನು ತೆರೆಯುತ್ತ ಮುಚ್ಚುತ್ತ ಸಮಯ ಮುಗಿದೇ ಹೋಯಿತು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆ ಹನ್ನೊಂದಕ್ಕೂ ಸುಮ್ಮನೆ ಏನಾದರೊಂದು ಒತ್ತಿದ್ದರೂ ಒಂದೆರಡಾದರೂ ಸಿಗುತ್ತಿದ್ದವು. ಪಾಸಾಗುವ ಸಂಭವ ಕಡಿಮೆ ಎಂದು ಪರದೆ ತೋರಿಸಿದಾಗ ಕಾರಿಗೆ ಬಂದು ಅತ್ತೆ. ಮನೆಯಲ್ಲಿ ಯಾರಿಗೂ ಎರಡು ದಿನ ಹೇಳಲಿಲ್ಲ.

ಮತ್ತೆ ಬರೆಯಲು 60 ದಿನ ಕಾಯಬೇಕು. ಮೊದಲ ಹತ್ತು ದಿನ ಪುಸ್ತಕ ಮುಟ್ಟಲಿಲ್ಲ. ಆಮೇಲೆ ಓದಿದ್ದು ಕಡಿಮೆ, ಗಡಿಯಾರ ಇಟ್ಟುಕೊಂಡು ಕೂತದ್ದು ಹೆಚ್ಚು. ಪ್ರತಿ ಭಾನುವಾರ ನಾಲ್ಕು ಗಂಟೆ, ಫೋನು ಗಂಡನ ಜೇಬಿನಲ್ಲಿ. ಮೊದಲ ಸುತ್ತಿನಲ್ಲೇ ಎಲ್ಲಕ್ಕೂ ಒಂದು ಉತ್ತರ ಒತ್ತಿಬಿಡುವುದು, ಸಂಶಯವಿದ್ದದ್ದಕ್ಕೆ ಮಾತ್ರ ಗುರುತು, ಗುರುತೆಲ್ಲ ತೀರಿದ ಮೇಲೇ ಬಿಡುವು. ಎರಡನೇ ಸಲ ಆಯಿತು. ಉಳಿದೆರಡು ಅದೇ ಅಭ್ಯಾಸದ ಮೇಲೆ ಸಾಗಿದವು. 2023ರಲ್ಲಿ ಕೊನೆಯದು ಮುಗಿಯಿತು. ಅಮ್ಮನಿಗೆ ಹೇಳಿದರೆ, “ಫಸ್ಟ್ ಕ್ಲಾಸಾ?” ಅಂದಳು. ಪಾಸು, ಫೇಲು ಅಷ್ಟೇ ಇರುವುದು ಎಂದರೆ ನಂಬಲಿಲ್ಲ.

ನನ್ನ ಹಿಂದೆ ಈಗ ಆಫೀಸಿನಲ್ಲಿ ಹೈದರಾಬಾದಿನ ಹುಡುಗಿಯೊಬ್ಬಳು ತಯಾರಿ ಶುರುಮಾಡಿದ್ದಾಳೆ. ಕಾರ್ಡುಗಳ ಡಬ್ಬಿಯನ್ನು ಹಾಗೇ ಅವಳ ಕೈಗಿಟ್ಟೆ. ಮರುದಿನ ವಾಪಸ್ ತಂದಳು: “ಅಕ್ಕಾ, ಓದೋಕೇನೋ ಬರುತ್ತೆ, ನಮ್ಮ ಅಕ್ಷರ ಇದ್ದ ಹಾಗೇ ಇದೆ. ಆದರೆ ಈ ‘ಸಾರು, ಕಿಟಕಿ’ ಅಂದ್ರೆ ಏನು?”