ನಡೆಯೋಕಾಗೋ ಫುಟ್‌ಪಾತ್, ಸೈಕಲ್‌ಗೊಂದು ಜಾಗ: ನಗರಸಭೆ, ಪಾಲಿಕೆಯವ್ರ ಹತ್ರ ಕೇಳಿ ಮಾಡಿಸ್ಕೊಳ್ಳೋದು ಹೆಂಗೆ

ಮೊದಲು ಒಂದು ಟೇಪ್ ತಗೊಳ್ಳಿ. ಟೈಲರ್ ಟೇಪ್ ಬೇಡ, ಗಾರೆ ಮೇಸ್ತ್ರಿಗಳ ಹತ್ರ ಇರತ್ತಲ್ಲ ಆ ಥರ ಸ್ಟೀಲ್‌ದು, ಐದು ಮೀಟರಿಂದು ಸಾಕು, ಯಾವ ಹಾರ್ಡ್‌ವೇರ್ ಅಂಗಡೀಲಾದ್ರೂ ಸಿಗತ್ತೆ. ಯಾಕ್ ಹೇಳ್ತಿದೀನಿ ಅಂದ್ರೆ ನಮ್ ಬೀದಿಯವ್ರು ಸುಮಾರು ಒಂದೂವರೆ ವರ್ಷ "ಫುಟ್‌ಪಾತ್ ಸರಿಯಿಲ್ಲ, ಸರಿ ಮಾಡ್ಕೊಡಿ" ಅಂತ ಅರ್ಜಿ ಕೊಟ್ಟಿದ್ದೇ ಕೊಟ್ಟಿದ್ದು, ಆನ್‌ಲೈನಲ್ಲಿ ಕಂಪ್ಲೇಂಟ್ ಹಾಕಿದ್ದೇ ಹಾಕಿದ್ದು, ಎರಡು ದಿನ ಬಿಟ್ಟು ಫೋನಿಗೆ "ದೂರು ಇತ್ಯರ್ಥವಾಗಿದೆ" ಅಂತ ಮೆಸೇಜ್ ಬರೋದು, ಹೋಗಿ ನೋಡಿದ್ರೆ ಕಿತ್ತೋಗಿರೋ ಚಪ್ಪಡಿ ಹಂಗೇ ಬಿದ್ದಿರೋದು. ಆಮೇಲೆ ಪಕ್ಕದ ಬೀದೀಲಿರೋ ರಿಟೈರ್ಡ್ ಇಂಜಿನಿಯರ್ ಅಂಕಲ್ ಒಬ್ರು ಹೇಳಿದ್ರು, "ಅಲ್ಲಮ್ಮ, ಎಲ್ಲಿ, ಎಷ್ಟುದ್ದ, ಎಷ್ಟಗಲ ಅಂತ ನೀವು ಬರೀದೇ ಇದ್ರೆ ಅವ್ರು ಎಸ್ಟಿಮೇಟ್ ಹೆಂಗ್ ಮಾಡ್ತಾರೆ?" ಅಂತ. ಅಳತೆ ಬರೆದು ಕೊಟ್ಟ ಮೇಲೆನೇ ಇಂಜಿನಿಯರ್ ಜಾಗಕ್ಕೆ ಬಂದಿದ್ದು. ಹಾಗಾಗಿ ಇಡೀ ಊರಿನ ಫುಟ್‌ಪಾತ್ ಬಗ್ಗೆ ಕೇಳೋಕೆ ಹೋಗ್ಬೇಡಿ, ಒಂದು ರಸ್ತೆ ಹಿಡ್ಕೊಳ್ಳಿ, ಅದ್ರಲ್ಲೂ ಒಂದು ಬದಿ.

ಯಾವ ರಸ್ತೆ ಅಂದ್ರೆ ಜನ ದಿನಾ ನಡೆಯೋ ರಸ್ತೆ. ಶಾಲೆಗೆ ಹೋಗೋದು, ಬಸ್‌ಸ್ಟಾಪಿಗೆ ಹೋಗೋದು, ರೇಷನ್ ಅಂಗಡಿ, ಹಾಲಿನ ಬೂತು, ಆಸ್ಪತ್ರೆ, ಈ ಥರದ್ದು. ನಾವು ತಗೊಂಡಿದ್ದು ಹಾಲಿನ ಬೂತಿಂದ ಸರ್ಕಾರಿ ಶಾಲೆ ಗೇಟಿನ ತನಕ, 340 ಮೀಟರ್. ಅಳೆಯೋಕೆ ಮುಂಚೆ ನಾನು ಒಂದಿನ ಬೆಳಗ್ಗೆ ನಮ್ಮಮ್ಮನ ಹಿಂದೆ ಸುಮ್ನೆ ನಡ್ಕೊಂಡು ಹೋದೆ. ಅಮ್ಮಂಗೆ ಮಂಡಿ ನೋವು. ಪ್ರತಿ ಸಲ ಇಳಿಯೋವಾಗ ಬಲಗೈಲಿ ನಿಂತಿರೋ ಬೈಕಿನ ಸೀಟೋ ಗೋಡೆನೋ ಹಿಡ್ಕೊಂಡು, ಎಡಗಾಲು ಮೊದ್ಲು ಇಳಿಸಿ, ಒಂದ್ ನಿಮಿಷ ನಿಂತು, ಹಿಂದೆ ಗಾಡಿ ಬರ್ತಿದೆಯಾ ಅಂತ ತಿರುಗಿ ನೋಡಿ ಆಮೇಲೆ ಬಲಗಾಲು. ಅಷ್ಟು ದೂರಕ್ಕೆ 17 ಸಲ ರಸ್ತೆಗಿಳಿದ್ರು. ಇಷ್ಟ್ ವರ್ಷ ಅದೇ ರಸ್ತೇಲಿ ಸ್ಕೂಟರಲ್ಲಿ ಹೋಗ್ತಿದ್ದೀನಿ, ನಂಗೆ ಒಂದ್ ಸಲಾನೂ ಅದು ಕಂಡಿರಲಿಲ್ಲ. ನೀವೂ ನಿಮ್ಮನೆಲಿ ವಯಸ್ಸಾದವ್ರೋ, ಮಗೂನ ತಳ್ಳೋ ಗಾಡಿ ಇರೋವ್ರೋ ಇದ್ರೆ ಅವ್ರ ಜೊತೆ ಹೋಗಿ, ಅವ್ರು ಎಲ್ಲೆಲ್ಲಿ ಕೆಳಗಿಳಿತಾರೋ ಅದನ್ನೇ ಬರ್ಕೊಳ್ಳಿ, ನಿಮ್ಮ ಪಟ್ಟಿ ಅರ್ಧ ಅಲ್ಲೇ ತಯಾರಾಗೋಗತ್ತೆ.

ಅಳೆಯೋಕೆ ಲೆಕ್ಕ ಏನು ಅಂದ್ರೆ, ಭಾರತೀಯ ರಸ್ತೆ ಕಾಂಗ್ರೆಸ್ ಅಂತ ಒಂದು ಸಂಸ್ಥೆ ಇದೆ, ಅದ್ರ ಐಆರ್‌ಸಿ 103 ಅನ್ನೋ ಮಾರ್ಗಸೂಚಿ ಪಾದಚಾರಿಗಳ ಸೌಲಭ್ಯಕ್ಕೇ ಇರೋದು. ಅದ್ರಲ್ಲಿ ನಡೆಯೋ ಜಾಗ ಅಡ್ಡಿ ಇಲ್ಲದೆ ಕನಿಷ್ಠ 1.8 ಮೀಟರ್ ಅಗಲ ಇರ್ಬೇಕು, ತಲೆ ಮೇಲೆ 2.2 ಮೀಟರ್ ತನಕ ಏನೂ ಅಡ್ಡ ಬರಬಾರ್ದು, ರಸ್ತೆಯಿಂದ ಫುಟ್‌ಪಾತ್ ಎತ್ತರ 15 ಸೆಂಟಿಮೀಟರ್ ದಾಟಬಾರ್ದು ಅಂತಿದೆ. ಈ ಮೂರು ಸಾಕು. 1.8 ಅಂದ್ರೆ ಎದುರುಬದುರು ಎರಡು ವೀಲ್‌ಚೇರ್ ದಾಟಿ ಹೋಗೋವಷ್ಟು. ನಮ್ ರಸ್ತೇಲಿ ಒಂದು ಕಡೆ ಎತ್ತರ ಅಳೆದ್ರೆ 31 ಸೆಂಟಿಮೀಟರ್ ಇತ್ತು, ಅಂದ್ರೆ ಇರಬೇಕಾದ್ದಕ್ಕಿಂತ ಎರಡು ಪಟ್ಟು, ಅದೇ ಜಾಗದಲ್ಲಿ ಅಮ್ಮ ಬೈಕ್ ಸೀಟು ಹಿಡ್ಕೊಂಡು ಇಳಿತಿದ್ದಿದ್ದು.

20 ಹೆಜ್ಜೆಗೊಂದ್ ಸಲ ನಿಂತು ಅಗಲ ಅಳೀರಿ, ಟೇಪ್ ಇಟ್ಟಿರೋ ಹಾಗೇ ಫೋಟೋ ತೆಗೀರಿ, ಪಕ್ಕದ ಅಂಗಡಿ ಬೋರ್ಡೋ ಕರೆಂಟ್ ಕಂಬದ ನಂಬರೋ ಫೋಟೋದಲ್ಲಿ ಬರೋ ಹಾಗೆ ನೋಡ್ಕೊಳ್ಳಿ, ಆಗ ಜಾಗ ಯಾವ್ದು ಅಂತ ಯಾರೂ ಕೇಳೋ ಹಾಗಿಲ್ಲ. ಅಡ್ಡಿ ಏನು ಅಂತ ಬರೆಯೋವಾಗ ಅದು ಯಾರ ಕೆಲಸ ಅಂತಾನೂ ಪಕ್ಕದಲ್ಲೇ ಬರೀರಿ, ಇದು ತುಂಬಾ ಮುಖ್ಯ. ಚಪ್ಪಡಿ, ಕರ್ಬ್ ಕಲ್ಲು (ಫುಟ್‌ಪಾತ್ ಅಂಚಿಗೆ ಕೂರ್ಸೋ ಕಲ್ಲು), ಕಟ್ಟಡದ ಮಣ್ಣು, ಇವೆಲ್ಲ ಪಾಲಿಕೆ ಅಥ್ವಾ ನಗರಸಭೆ. ಟ್ರಾನ್ಸ್‌ಫಾರ್ಮರ್ ಆದ್ರೆ ಬೆಸ್ಕಾಂ, ಹೆಸ್ಕಾಂ, ನಿಮ್ಮ ಭಾಗದ್ದು ಯಾವ್ದೋ ಅದು. ಮ್ಯಾನ್‌ಹೋಲ್ ಮುಚ್ಚಳ ಬೆಂಗ್ಳೂರಲ್ಲಿ ಜಲಮಂಡಳಿ. ಗಾಡಿ ನಿಲ್ಸಿರೋದು ಟ್ರಾಫಿಕ್ ಪೊಲೀಸ್. ಇನ್ನು ಮನೆ ಗೇಟಿನ ಮುಂದೆ ಕಾರಿಗೆ ಅಂತ ಫುಟ್‌ಪಾತನ್ನೇ ಕಡಿದು ರಸ್ತೆ ತನಕ ಇಳಿಸಿರೋ ರ‍್ಯಾಂಪು, ಅದು ನಮ್ಮ ನಮ್ಮದೇ ಮನೆಗಳದ್ದು, ಎಷ್ಟೋ ಬೀದೀಲಿ ನಡೆಯೋಕೆ ದೊಡ್ಡ ತೊಂದ್ರೆ ಇದೇ, ಅದನ್ನೂ ಮುಚ್ಚಿಡದೆ ಬರೀರಿ. ಸರಿಯಾದ ಕ್ರಮ ಅಂದ್ರೆ ಫುಟ್‌ಪಾತ್ ಮಟ್ಟ ಹಂಗೇ ಮುಂದುವರೀಬೇಕು, ಕಾರೇ ಹತ್ತಿ ಇಳಿಬೇಕು.

ರಸ್ತೆ ಯಾರದ್ದು ಅಂತಾನೂ ತಿಳ್ಕೊಳ್ಳಿ. ಊರೊಳಗೇ ಹಾದು ಹೋಗಿದ್ರೂ ಅದು ಲೋಕೋಪಯೋಗಿ ಇಲಾಖೆದೋ ಹೆದ್ದಾರಿ ಪ್ರಾಧಿಕಾರದ್ದೋ ಆಗಿರ್ಬೋದು, ಆಗ ನಗರಸಭೆಗೆ ಎಷ್ಟು ಅರ್ಜಿ ಕೊಟ್ರೂ ಅದು ಟೇಬಲ್ಲಿಂದ ಟೇಬಲ್ಲಿಗೆ ಓಡಾಡತ್ತೆ ಅಷ್ಟೇ.

ಅರ್ಜಿ ಒಂದೇ ಪೇಜ್ ಇರ್ಲಿ. ನಾವು ಕೊಟ್ಟಿದ್ದು ಹೆಚ್ಚುಕಮ್ಮಿ ಹೀಗಿತ್ತು:

"ಮಾನ್ಯರೇ, ಹಾಲಿನ ಬೂತ್‌ನಿಂದ ಸರ್ಕಾರಿ ಶಾಲೆಯ ಗೇಟ್‌ವರೆಗಿನ 340 ಮೀಟರ್ ಉದ್ದದ ಪಾದಚಾರಿ ಮಾರ್ಗದ ಪಶ್ಚಿಮ ಬದಿಯಲ್ಲಿ 6 ಕಡೆ ಚಪ್ಪಡಿಗಳಿಲ್ಲ, 9 ಕಡೆ ರ‍್ಯಾಂಪ್‌ಗಳಿಂದ ಮಾರ್ಗ ತುಂಡಾಗಿದೆ, 2 ಕಡೆ ನಡೆಯುವ ಅಗಲ 60 ಸೆಂ.ಮೀ.ಗಿಂತ ಕಡಿಮೆ ಇದೆ. ಅಳತೆಯ ಪಟ್ಟಿ ಮತ್ತು ಫೋಟೋಗಳನ್ನು ಲಗತ್ತಿಸಿದ್ದೇವೆ. ಮೊದಲ ಹಂತದಲ್ಲಿ 6 ಚಪ್ಪಡಿಗಳನ್ನು ಹಾಕಿಸಿ, ಶಾಲೆಯ ಗೇಟ್ ಎದುರು ಫುಟ್‌ಪಾತ್ ಮಟ್ಟಕ್ಕೇ ಎತ್ತರಿಸಿದ ಜೀಬ್ರಾ ಕ್ರಾಸಿಂಗ್ ಮಾಡಿಸಿಕೊಡಬೇಕೆಂದು ಕೋರುತ್ತೇವೆ."

ಕೆಳಗೆ ಸಹಿ. ಶಾಲೆ ಹೆಡ್‌ಮಿಸ್ ಸಹಿ ಒಂದಿದ್ರೆ ಅದ್ರ ತೂಕನೇ ಬೇರೆ. ಬೇಕಿದ್ರೆ ಇನ್ನೊಂದು ಸಾಲು ಸೇರಿಸಿ, 2025ರ ಮೇನಲ್ಲಿ ಸುಪ್ರೀಂ ಕೋರ್ಟು ಪಾದಚಾರಿಗಳಿಗೆ ಸರಿಯಾದ ಫುಟ್‌ಪಾತ್ ಇರೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಬರತ್ತೆ ಅಂತ ಹೇಳಿದೆ. ಆದ್ರೆ ಅದನ್ನ ಮೊದಲನೇ ಸಾಲಲ್ಲೇ ಹಾಕ್ಬೇಡಿ, ಮೊದಲೇ ಕೋರ್ಟು ಅಂದ್ರೆ ಎದುರಿಗಿರೋವ್ರು ಕೈ ಕಟ್ಕೊಂಡು ಕೂರ್ತಾರೆ, ಅಳತೆ ತೋರ್ಸಿದ್ರೆ ಮಾತಾಡ್ತಾರೆ.

ಕೊಡೋದು ಯಾರಿಗೆ ಅಂದ್ರೆ ನಗರಸಭೆ ಆದ್ರೆ ಪೌರಾಯುಕ್ತರು, ಪುರಸಭೆ ಅಥ್ವಾ ಪಟ್ಟಣ ಪಂಚಾಯಿತಿ ಆದ್ರೆ ಮುಖ್ಯಾಧಿಕಾರಿ. ಬೆಂಗ್ಳೂರಲ್ಲಿ 2025ರ ಸೆಪ್ಟೆಂಬರಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಆಗಿದೆ, ಹಾಗಾಗಿ ನಿಮ್ಮ ಬೀದಿ ಯಾವ ಪಾಲಿಕೆಗೆ ಬರತ್ತೆ ಅಂತ ಮೊದ್ಲು ನೋಡ್ಕೊಳ್ಳಿ. ಆನ್‌ಲೈನಲ್ಲಿ ಹಾಕಿದ್ರೂ ಒಂದು ಪ್ರತಿ ಕೈಯಾರೆ ಆಫೀಸಿನ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿ ಮೇಲೆ ಸೀಲು, ತಾರೀಕು ಹಾಕಿಸ್ಕೊಂಡು ಬನ್ನಿ. ಆ ಸೀಲ್ ಇಲ್ದಿದ್ರೆ ಮುಂದಿನ ಯಾವ ಹೆಜ್ಜೆಗೂ ಬೆಲೆ ಇಲ್ಲ.

ಆಮೇಲೆ ಟೈಮಿಂಗು. ಬಜೆಟ್ ಮಂಡಿಸೋದು ಮಾರ್ಚ್ ಹತ್ತಿರಕ್ಕೆ, ಅದಕ್ಕೆ ಮುಂಚೆ ಸಾರ್ವಜನಿಕರ ಸಲಹೆಗೆ ಅಂತ ಪೂರ್ವಭಾವಿ ಸಭೆ ಕರೀತಾರೆ, ನಾಲ್ಕು ಜನ ಹೋಗಿರ್ತಾರೆ ಅಷ್ಟೇ, ನೀವು ಹೋಗಿ. ಅಲ್ಲಿ "ಫುಟ್‌ಪಾತಿಗೆ ಹಣ ಇಡಿ" ಅನ್ನೋ ಬದ್ಲು "ಈ ರಸ್ತೆ, ಇಷ್ಟು ಮೀಟರು, ಹಂತ ಒಂದು" ಅಂತ ಪೇಪರ್ ಕೊಡಿ. ಬಜೆಟ್ ಆದ್ಮೇಲೆ ಏಪ್ರಿಲಲ್ಲಿ ಹೋದ್ರೆ "ಮುಂದಿನ ವರ್ಷ ನೋಡೋಣ" ಅನ್ನೋ ಉತ್ತರನೇ ಬರೋದು. ಉತ್ತರನೇ ಬರ್ಲಿಲ್ಲ ಅಂದ್ರೆ ಮಾಹಿತಿ ಹಕ್ಕು ಅರ್ಜಿ ಹಾಕಿ, ಫೀಸು 10 ರೂಪಾಯಿ, ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡ್ಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜೀಲಿ ಒಂದೇ ವಿಷಯ, 150 ಪದದೊಳಗೆ ಅಂತಿದೆ, ಇದು ಗೊತ್ತಿಲ್ದೆ ಎಷ್ಟೋ ಜನ ಎರಡ್ ಪೇಜ್ ಬರೆದು ವಾಪಸ್ ಬರ್ಸ್ಕೊಂಡಿದ್ದಾರೆ. "ಯಾಕೆ ಮಾಡಿಲ್ಲ" ಅಂತ ಕೇಳ್ಬೇಡಿ, ಅದು ಮಾಹಿತಿ ಅಲ್ಲ, "ಈ ರಸ್ತೆಯ ಪಾದಚಾರಿ ಮಾರ್ಗ ಕಾಮಗಾರಿಯ ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ ಪ್ರತಿ ಕೊಡಿ" ಅಂತ ದಾಖಲೆ ಕೇಳಿ.

ಈಗ ಸೈಕಲ್. ಇಲ್ಲಿ ನಂಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಸೈಕಲ್ ಲೇನ್ ಅಂದ ತಕ್ಷಣ ಎಲ್ರೂ ಬಣ್ಣ ಬಳ್ಸೋಕೆ ಹೊರಡ್ತಾರೆ. ಬೆಂಗ್ಳೂರು ಜಯನಗರದಲ್ಲಿ 2012ರ ಹೊತ್ತಿಗೇ ಸೈಕಲ್ ಪಥ ಮಾಡಿದ್ರು, ಅದು ಕಾರು ನಿಲ್ಸೋ ಜಾಗ ಆಗೋಯ್ತು. 2020ರಲ್ಲಿ ಔಟರ್ ರಿಂಗ್ ರೋಡಲ್ಲಿ ಬೊಲಾರ್ಡ್, ಅಂದ್ರೆ ಗಿಡ್ಡ ಕಂಬಗಳನ್ನ ನೆಟ್ಟು ಸೈಕಲ್ ಲೇನ್ ಶುರು ಮಾಡಿದ್ರು, ಅದು ಒಳ್ಳೇ ಪ್ರಯತ್ನ, ಓಡಿಸೋವ್ರು ಖುಷಿಯಾಗಿ ಓಡಿಸಿದ್ರು, ಆದ್ರೆ ಬೊಲಾರ್ಡ್ ಮುರೀತಾ ಬಂತು, ಮೆಟ್ರೋ ಕೆಲಸ ಬಂತು, ಲೇನ್ ಉಳೀಲಿಲ್ಲ. ಇದ್ರಿಂದ ನಾನು ಅರ್ಥ ಮಾಡ್ಕೊಂಡಿದ್ದು ಏನಂದ್ರೆ ದೊಡ್ಡ ರಸ್ತೇಲಿ ಗಾಡಿ ಹತ್ತೋಕಾಗದೇ ಇರೋ ಗಟ್ಟಿ ಅಡ್ಡ ಇಲ್ದೆ ಲೇನ್ ಕೇಳ್ಬಾರ್ದು, ಸಣ್ಣ ರಸ್ತೇಲಿ ಲೇನೇ ಬೇಡ, ಗಾಡಿಗಳ ವೇಗ ಗಂಟೆಗೆ 30 ಕಿಲೋಮೀಟರಿಗೆ ಇಳಿಸೋ ವ್ಯವಸ್ಥೆ ಕೇಳಿ, ಅಂದ್ರೆ ಎತ್ತರಿಸಿದ ಕ್ರಾಸಿಂಗು, ತಿರುವುಗಳನ್ನ ಚಿಕ್ಕದು ಮಾಡೋದು, ಸರಿಯಾದ ಹಂಪ್ಸು. ಮಕ್ಕಳು ಸೈಕಲ್ ಹೊಡೆಯೋಕೆ ಅದೇ ಸಾಕು.

ಮೈಸೂರಿನ ಟ್ರಿಣ್ ಟ್ರಿಣ್ ಅನ್ನೋ ಬಾಡಿಗೆ ಸೈಕಲ್ ಯೋಜನೆ ನೋಡಿ, 2017ರಲ್ಲಿ 450 ಸೈಕಲ್, 48 ಸ್ಟೇಷನ್ ಇಟ್ಕೊಂಡು ಶುರುವಾಗಿದ್ದು, ಅರಮನೆ, ಬಸ್‌ಸ್ಟ್ಯಾಂಡು, ಕಾಲೇಜು ಹೀಗೆ ಜನ ನಿಜವಾಗ್ಲೂ ಹೋಗೋ ಜಾಗಗಳ ಹತ್ರ ಸ್ಟ್ಯಾಂಡ್ ಇಟ್ರು. ನಿಮ್ಮೂರು ಚಿಕ್ಕದಾದ್ರೆ ಬಾಡಿಗೆ ಸೈಕಲ್ ಯೋಜನೆ ಕೇಳೋಕ್ಕಿಂತ ಮೊದ್ಲು ಬಸ್‌ಸ್ಟ್ಯಾಂಡಲ್ಲಿ, ಮಾರ್ಕೆಟ್ಟಲ್ಲಿ, ತಾಲೂಕ್ ಆಫೀಸಲ್ಲಿ ನೆರಳಿರೋ ಸೈಕಲ್ ಸ್ಟ್ಯಾಂಡ್ ಕೇಳಿ, ಖರ್ಚು ಕಮ್ಮಿ, ಬೇಗ ಆಗತ್ತೆ.

ಮತ್ತೆ "ಸೈಕಲ್ ಯಾರ್ ಹೊಡೀತಾರೆ ಈಗ" ಅಂತ ಆಫೀಸಲ್ಲಿ ಕೇಳೇ ಕೇಳ್ತಾರೆ. ಅದಕ್ಕೆ ಉತ್ತರ ಎಣಿಕೆ. ಒಂದು ಮಂಗಳವಾರನೋ ಬುಧವಾರನೋ ಬೆಳಗ್ಗೆ ಎಂಟೂವರೆಯಿಂದ ಒಂಬತ್ತೂವರೆ ತನಕ ಇಬ್ರು ನಿಂತ್ಕೊಂಡು ನಡೆಯೋವ್ರು, ಸೈಕಲ್ಲು, ಬೈಕು, ಕಾರು ಅಂತ ನಾಲ್ಕು ಮನೆ ಮಾಡಿ ಗೆರೆ ಎಳೀತಾ ಹೋಗಿ, ಐದನೇದಕ್ಕೆ ಅಡ್ಡ ಗೆರೆ. ಬೆಳಗಿನ ಜಾವದ ಪೇಪರ್ ಹುಡುಗ್ರು, ಗಾರೆ ಕೆಲಸಕ್ಕೆ ಹೋಗೋವ್ರು, ಹೂವು ಮಾರೋವ್ರು ಬೇಗ ಹೋಗ್ಬಿಡ್ತಾರೆ, ಅವ್ರನ್ನೂ ಎಣಿಸ್ಬೇಕು ಅಂದ್ರೆ ಆರು ಗಂಟೆಗೂ ಒಂದ್ ಸಲ ನಿಲ್ಲಿ. 2006–07ರಿಂದ ನಮ್ಮ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ತು, ಎಷ್ಟು ಹೆಣ್ಮಕ್ಕಳು ಆ ಸೈಕಲ್ಲಲ್ಲೇ ಹೈಸ್ಕೂಲ್ ಮುಗಿಸಿದ್ರು, ಆ ಮಕ್ಕಳು ಹೋಗೋ ದಾರಿಗೂ ಯಾರಾದ್ರೂ ಎಸ್ಟಿಮೇಟ್ ಹಾಕ್ಬೇಕಲ್ವಾ.

ಅಂಗಡಿಯವ್ರ ಹತ್ರ ಮೊದ್ಲೇ ಮಾತಾಡಿ, ಕೆಲಸ ಶುರುವಾದ ಮೇಲಲ್ಲ. ಅವ್ರಿಗೆ ಪಾರ್ಕಿಂಗ್ ಹೋದ್ರೆ ಗಿರಾಕಿ ಹೋಗ್ತಾರೆ ಅನ್ನೋ ಭಯ ಇರತ್ತೆ, ಅದು ಸುಳ್ಳು ಭಯ ಅಂತ ತಳ್ಳಿಹಾಕ್ಬೇಡಿ, ಅವ್ರ ಗಿರಾಕಿಗಳಲ್ಲಿ ನಡ್ಕೊಂಡು ಬರೋವ್ರೆಷ್ಟು ಅಂತ ಒಂದಿನ ಅವ್ರ ಜೊತೇಲೇ ಕೂತು ಎಣಿಸಿ. ಬೆಂಗ್ಳೂರಿನ ಚರ್ಚ್ ಸ್ಟ್ರೀಟನ್ನ ಕಲ್ಲು ಹಾಕಿ ಹೊಸದಾಗಿ ಮಾಡಿ 2018ರಲ್ಲಿ ತೆರೆದ್ರು, 2020ರ ನವೆಂಬರಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಗಾಡಿ ಬಿಡದೆ ನಡೆಯೋವ್ರಿಗೇ ಬಿಟ್ಟಿದ್ರು, ಆ ಉದಾಹರಣೆ ಕೊಡ್ಬೋದು. ತಳ್ಳುಗಾಡಿಯವ್ರನ್ನ ಮಾತ್ರ ಎಬ್ಬಿಸಿ ಅಂತ ದಯವಿಟ್ಟು ಬರೀಬೇಡಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಅವ್ರಿಗೆ ಹಕ್ಕಿದೆ, ಪಟ್ಟಣ ವ್ಯಾಪಾರ ಸಮಿತಿ ಅಂತ ಇರತ್ತೆ, ಅವ್ರಿಗೆ ಗುರುತು ಹಾಕಿದ ಜಾಗ ಕೊಟ್ಟು 1.8 ಮೀಟರ್ ಬಿಡಿಸಿ ಅಂತ ಕೇಳಿ. ಸಂಜೆ ಏಳು ಗಂಟೆಗೆ ನಾವು ಹೆಂಗಸ್ರು ಧೈರ್ಯವಾಗಿ ನಡೆಯೋದು ಸೊಪ್ಪಿನಮ್ಮ, ಕಡಲೆಕಾಯಿ ಗಾಡಿ ಇರೋ ರಸ್ತೇಲೇ.

ಜನಕ್ಕೆ ನಂಬಿಕೆ ಬರೋಕೆ ಒಂದು ಭಾನುವಾರ ರಸ್ತೆ ಮುಚ್ಚಿ ನೋಡಿ. ಬೆಂಗ್ಳೂರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯದವ್ರು 2013ರಲ್ಲಿ ಸೈಕಲ್ ದಿನ ಶುರು ಮಾಡಿ ಆಮೇಲೆ ಬಡಾವಣೆ ಬಡಾವಣೆಗೆ ತಗೊಂಡು ಹೋದ್ರು. ಟ್ರಾಫಿಕ್ ಪೊಲೀಸರ ಪರ್ಮಿಷನ್, ಪಾಲಿಕೆಗೆ ಪತ್ರ, ಆ ಬೀದಿಯ ಮನೆಯವ್ರ ಒಪ್ಪಿಗೆ, ಆಂಬುಲೆನ್ಸಿಗೆ ದಾರಿ, ಇಷ್ಟಿದ್ರೆ ಬೆಳಗ್ಗೆ ಆರರಿಂದ ಒಂಬತ್ತು ಸಾಕು. ಇಂಜಿನಿಯರನ್ನೂ ಮನೆಯವ್ರ ಸಮೇತ ಕರೀರಿ.

ಕೆಲಸ ಸ್ಯಾಂಕ್ಷನ್ ಆಯ್ತು ಅಂತ ಸುಮ್ನಾಗ್ಬೇಡಿ, ಕಾಂಟ್ರಾಕ್ಟರ್ ಕಡೆಯವ್ರು ಬಂದ ದಿನಾನೇ ಟೇಪ್ ಮತ್ತೆ ತಗೊಂಡು ಹೋಗಿ. ಕರ್ಬ್ ಕಲ್ಲು ಕೂರ್ಸೋಕೆ ದಾರ ಕಟ್ತಾರಲ್ಲ, ಎತ್ತರ ನೋಡೋಕೆ ಅದೇ ಹೊತ್ತು, ಕಾಂಕ್ರೀಟ್ ಗಟ್ಟಿಯಾದ್ಮೇಲೆ 31 ಸೆಂಟಿಮೀಟರನ್ನ 15 ಮಾಡೋಕೆ ಯಾರೂ ಒಪ್ಪಲ್ಲ. ಚೇಂಬರ್ ಮುಚ್ಚಳ ಫುಟ್‌ಪಾತ್ ಮಟ್ಟಕ್ಕೇ ಇದೆಯಾ, ಚಪ್ಪಡಿ ಮಧ್ಯೆ ಸಂದಿ ಊರುಗೋಲು ಸಿಕ್ಕೊಳ್ಳೋವಷ್ಟು ಇದೆಯಾ, ಮರದ ಬುಡಕ್ಕೆ ಸಿಮೆಂಟ್ ಸುರ್ದಿದ್ದಾರಾ, ನೋಡಿ. ಕೆಲಸ ಮಾಡೋ ಹುಡುಗ್ರ ಮೇಲೆ ರೇಗ್ಬೇಡಿ, ಅವ್ರಿಗೆ ಡ್ರಾಯಿಂಗ್ ತೋರ್ಸಿರೋದೇ ಇಲ್ಲ, ಇಂಜಿನಿಯರಿಗೆ ಅಲ್ಲಿಂದ್ಲೇ ಫೋಟೋ ಕಳ್ಸಿ ಫೋನ್ ಮಾಡಿ. ನಾವು ಹಂಗೇ ಮಾಡಿ ಆರು ಚಪ್ಪಡಿ, ಒಂದು ಕ್ರಾಸಿಂಗ್ ಮಾಡಿಸ್ಕೊಂಡ್ವಿ. ಕ್ರಾಸಿಂಗ್ ಮುಗಿದ ಮಾರನೇ ದಿನ ಮತ್ತೆ ಅಮ್ಮನ ಹಿಂದೆ ಹೋಗಿ ಎಣಿಸಿದೆ, 11 ಸಲ ಇಳಿದ್ರು. ಉಳಿದಿರೋದು ಒಂಬತ್ತು ರ‍್ಯಾಂಪು, ಎರಡು ಇಕ್ಕಟ್ಟಿನ ಜಾಗ, ಅದಕ್ಕೆ ಎರಡನೇ ಹಂತದ ಅರ್ಜಿ ಬರೆದಾಗಿದೆ, ಮೊದಲನೇ ಸಹಿ ನಮ್ಮನೇದೇ, ಯಾಕಂದ್ರೆ ಆ ಒಂಬತ್ತರಲ್ಲಿ ಒಂದು ನಮ್ಮ ಗೇಟಿನ ಮುಂದಿರೋದು.