ಚಂದಾ ಜರ್ನಲ್‌ನಲ್ಲಿ ಬಂದ ಪೇಪರನ್ನು ಖರ್ಚಿಲ್ಲದೆ ಎಲ್ಲರಿಗೂ ತೆರೆಯುವುದು

ಸಂಶೋಧನಾ ಪೇಪರು ಬಂದಿರುವುದು ಚಂದಾ ಕಟ್ಟಿದವರಿಗಷ್ಟೇ ಸಿಗುವ ಜರ್ನಲ್‌ನಲ್ಲಾದರೂ ಅದನ್ನು ಯಾರು ಬೇಕಾದರೂ ಓದುವಂತೆ ಮಾಡಲು ಬಹುಪಾಲು ದಾರಿ ಇದ್ದೇ ಇರುತ್ತದೆ. ಲೇಖಕರು ಕಟ್ಟುವ ಪ್ರಕಟಣಾ ಶುಲ್ಕ ಇದಕ್ಕೆ ಬೇಕಿಲ್ಲ. ಸರಿಯಾದ ಪ್ರತಿಯನ್ನು ರೆಪೊಸಿಟರಿಗೆ (ಸಂಶೋಧನಾ ಬರಹಗಳನ್ನು ಎಲ್ಲರಿಗೂ ತೆರೆದಿಡುವ ಆನ್‌ಲೈನ್ ಭಂಡಾರ) ಹಾಕಿದರೆ ಸಾಕು. ಹೆಚ್ಚಿನವರು ಎಡವುವುದು ಆ ‘ಸರಿಯಾದ ಪ್ರತಿ’ ಯಾವುದು ಎಂಬಲ್ಲೇ.

ಜರ್ನಲ್‌ಗೆ ಮೊದಲು ಕಳಿಸಿದ್ದು ಪ್ರಿಪ್ರಿಂಟ್. ವಿಮರ್ಶಕರು ಹೇಳಿದ್ದನ್ನೆಲ್ಲ ತಿದ್ದಿ, ಸಂಪಾದಕರು ಒಪ್ಪಿಕೊಂಡ ಕೊನೆಯ ಫೈಲು ಸ್ವೀಕೃತ ಪ್ರತಿ. ಪ್ರಕಾಶಕರು ಪುಟ ಕಟ್ಟಿ ಹೊರತಂದದ್ದು ಪ್ರಕಟಿತ ಪ್ರತಿ. ಚಂದಾ ಜರ್ನಲ್‌ಗಳು ಸಾಮಾನ್ಯವಾಗಿ ಹಂಚಲು ಬಿಡುವುದು ಮೊದಲೆರಡನ್ನು ಮಾತ್ರ. ತಿದ್ದಲು ಬರುವ ಪ್ರೂಫ್ ಕೂಡ ಪ್ರಕಾಶಕರು ಪುಟ ಕಟ್ಟಿದ್ದೇ, ಅದನ್ನು ಸ್ವೀಕೃತ ಪ್ರತಿ ಎಂದುಕೊಳ್ಳಬೇಡಿ.

ಒಪ್ಪಿಗೆಯ ಇಮೇಲ್ ಬಂದ ದಿನವೇ ಸ್ವೀಕೃತ ಪ್ರತಿಯ ಫೈಲನ್ನು ತೆಗೆದಿಡಿ. ವರ್ಷ ಕಳೆದರೆ ಯಾವುದು ಕೊನೆಯದೆಂದು ಸಹಲೇಖಕರಿಗೂ ನೆನಪಿರುವುದಿಲ್ಲ. ಜರ್ನಲ್‌ನ ಸಲ್ಲಿಕೆ ತಾಣದಿಂದ ಇಳಿಸಿದ ಪಿಡಿಎಫ್‌ನಲ್ಲಿ ಸಾಲು ಸಂಖ್ಯೆ, ‘ವಿಮರ್ಶೆಗೆ ಮಾತ್ರ’ ಎಂಬ ಮುದ್ರೆ ಉಳಿದಿರುತ್ತವೆ. ಚಿತ್ರಗಳೆಲ್ಲ ಕೊನೆಗೆ ಹೋಗಿರುತ್ತವೆ. ಹಾಗಾಗಿ ವರ್ಡ್ ಅಥವಾ ಲೇಟೆಕ್ ಮೂಲದಿಂದಲೇ ಹೊಸ ಪಿಡಿಎಫ್ ಮಾಡಿ. ಟ್ರ್ಯಾಕ್ ಚೇಂಜಸ್‌ನ ಬದಲಾವಣೆಗಳನ್ನು ಒಪ್ಪಿಕೊಂಡು, ಬದಿಯ ಕಾಮೆಂಟುಗಳನ್ನು ಅಳಿಸಿ, ಚಿತ್ರಗಳನ್ನು ಅವುಗಳ ಜಾಗಕ್ಕೆ ತನ್ನಿ. ಮೊದಲ ಪುಟದಲ್ಲಿ, ಶೀರ್ಷಿಕೆಯ ಕೆಳಗೆ, ಇಂತಹ ಜರ್ನಲ್ ಒಪ್ಪಿದ ಲೇಖಕರ ಪ್ರತಿ ಇದು ಎಂದು ಬರೆದು ಪ್ರಕಟಿತ ಪ್ರತಿಯ ಡಿಒಐ (ಲೇಖನದ ಶಾಶ್ವತ ಗುರುತು ಸಂಖ್ಯೆ) ಕೊಡಿ. ಸ್ಕ್ಯಾನ್ ಮಾಡಿದ ಪುಟಗಳು ಬೇಡ. ಒಳಗಿನ ಪದಗಳನ್ನು ಹುಡುಕಲು ಬಾರದ ಫೈಲು ಗೂಗಲ್ ಸ್ಕಾಲರ್‌ನಲ್ಲಿ ಕಾಣಿಸಿಕೊಳ್ಳುವುದು ಕಷ್ಟ; 5 ಎಂಬಿ ಒಳಗಿದ್ದರೆ ಒಳ್ಳೆಯದು.

ಇನ್ನು ಅನುಮತಿ. ಬ್ರಿಟನ್ನಿನ ಜಿಸ್ಕ್ ಸಂಸ್ಥೆ ನಡೆಸುವ ಓಪನ್ ಪಾಲಿಸಿ ಫೈಂಡರ್ ಜಾಲತಾಣದಲ್ಲಿ (ಹಿಂದಿನ ಶೆರ್ಪಾ ರೋಮಿಯೊ) ಜರ್ನಲ್ ಹೆಸರು ಅಥವಾ ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತು ಸಂಖ್ಯೆ) ಕೊಟ್ಟು ಹುಡುಕಿ. ಯಾವ ಪ್ರತಿ, ಎಲ್ಲಿ, ಎಷ್ಟು ತಿಂಗಳ ನಂತರ ಎಂಬ ಮೂರನ್ನೂ ಒಟ್ಟಿಗೇ ಓದಿ. ಸ್ವಂತ ವೆಬ್‌ಸೈಟಿಗೆ ತಕ್ಷಣ, ರೆಪೊಸಿಟರಿಗೆ 12 ಅಥವಾ 24 ತಿಂಗಳ ಮೇಲೆ ಎಂಬಂಥ ಷರತ್ತುಗಳಿರುತ್ತವೆ. ಈ ತಡೆ ಅವಧಿಯನ್ನು ಸಾಮಾನ್ಯವಾಗಿ ಎಣಿಸುವುದು ಪ್ರಕಟವಾದ ದಿನದಿಂದ. ಹಾಗೆಂದು ಅಲ್ಲಿಯವರೆಗೆ ಕಾಯಬೇಡಿ: ಇವತ್ತೇ ಏರಿಸಿ ತಡೆ ಮುಗಿಯುವ ದಿನಾಂಕ ನಮೂದಿಸಿದರೆ ಆ ದಿನ ಫೈಲು ತಾನಾಗಿ ತೆರೆದುಕೊಳ್ಳುತ್ತದೆ. ನೀವು ಸಹಿ ಹಾಕಿದ ಒಪ್ಪಂದವನ್ನೂ ನೋಡಿ. ಹಣ ಕೊಟ್ಟ ಸಂಸ್ಥೆಯ ನಿಯಮ ಇನ್ನೂ ಬಿಗಿಯಾಗಿರಬಹುದು. ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ನೆರವಿನ ಸಂಶೋಧನೆಯಾದರೆ, 2025ರ ಜುಲೈ 1ರಿಂದ ಸ್ವೀಕೃತವಾದ ಪ್ರತಿಗಳು ಪ್ರಕಟಣೆಯ ದಿನವೇ ಅದರ ಉಚಿತ ಲೇಖನ ಭಂಡಾರ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ತೆರೆದಿರಬೇಕು.

ಸಂಸ್ಥೆಗೆ ತನ್ನದೇ ರೆಪೊಸಿಟರಿ ಇದ್ದರೆ ಅಲ್ಲಿಗೇ ಮೊದಲು ಹಾಕಿ. ಭೌತಶಾಸ್ತ್ರ, ಗಣಿತದವರಿಗೆ 1991ರಲ್ಲಿ ಶುರುವಾದ ಆರ್ಕೈವ್ (arXiv) ರೆಪೊಸಿಟರಿ ಇದೆ. ಯಾವುದೂ ಇಲ್ಲದವರಿಗೆ ಯುರೋಪಿನ ಭೌತಶಾಸ್ತ್ರ ಸಂಶೋಧನಾ ಕೇಂದ್ರ ಸರ್ನ್ ನಡೆಸುವ ಜೆನೊಡೊ ಉಚಿತ. ರಿಸರ್ಚ್‌ಗೇಟ್‌ನಂಥ ಸಾಮಾಜಿಕ ಜಾಲ ರೆಪೊಸಿಟರಿಗೆ ಬದಲಿಯಲ್ಲ.

ವಿವರ ತುಂಬುವಾಗ ಶೀರ್ಷಿಕೆ, ಲೇಖಕರ ಕ್ರಮ ಜರ್ನಲ್‌ನಲ್ಲಿದ್ದಂತೆಯೇ ಇರಲಿ. ಸಂಶೋಧಕರ ಗುರುತಾದ 16 ಅಂಕಿಯ ಆರ್ಕಿಡ್ (ORCID) ಸಂಖ್ಯೆ ಸೇರಿಸಿ. ಜರ್ನಲ್‌ನ ಡಿಒಐ ಬಿಡಲೇಬೇಡಿ, ಉಚಿತ ಪ್ರತಿ ಹುಡುಕಿಕೊಡುವ ಅನ್‌ಪೇವಾಲ್‌ನಂಥ ಸಾಧನಗಳು ಎರಡು ಪ್ರತಿಗಳನ್ನು ಜೋಡಿಸಲು ಅದು ನೆರವಾಗುತ್ತದೆ. ಪರವಾನಗಿ ಆರಿಸುವಾಗ ಅವಸರ ಬೇಡ: ಲೇಖಕರ ಹೆಸರು ಹೇಳಿ ಯಾರು ಬೇಕಾದರೂ ಬಳಸಲು ಬಿಡುವ ಸಿಸಿ ಬೈ ಒಮ್ಮೆ ಕೊಟ್ಟರೆ ಹಿಂಪಡೆಯಲಾಗದು, ಕೆಲವು ಜರ್ನಲ್‌ಗಳು ಸ್ವೀಕೃತ ಪ್ರತಿಗೆ ವಾಣಿಜ್ಯ ಬಳಕೆ, ಮಾರ್ಪಾಡು ಎರಡನ್ನೂ ಬಿಡದ ಬೈ-ಎನ್‌ಸಿ-ಎನ್‌ಡಿಯನ್ನೇ ಕೇಳುತ್ತವೆ. ಬೇರೆಯವರ ಚಿತ್ರಕ್ಕೆ ಜರ್ನಲ್‌ಗೆಂದು ಪಡೆದ ಅನುಮತಿ ಇಲ್ಲಿಗೂ ಅನ್ವಯಿಸುತ್ತದೆಯೇ ಎಂದು ನೋಡಿ, ಇಲ್ಲವಾದರೆ ಆ ಚಿತ್ರ ತೆಗೆದು ಮೂಲದ ಕೊಂಡಿ ಕೊಡಿ.

ಕೊನೆಗೆ ಬ್ರೌಸರ್‌ನ ಖಾಸಗಿ ವಿಂಡೋದಲ್ಲಿ ಲಾಗಿನ್ ಆಗದೆ ಕೊಂಡಿ ತೆರೆದು ಪಿಡಿಎಫ್ ಇಳಿಸಿ ನೋಡಿ. ಜೆನೊಡೊದಲ್ಲಿ ವಿವರಗಳನ್ನು ಯಾವಾಗ ಬೇಕಾದರೂ ತಿದ್ದಬಹುದು. ಫೈಲು ತಪ್ಪಿದ್ದರೆ ಮಾತ್ರ ಹೊಸ ಆವೃತ್ತಿ ಏರಿಸುವುದು ವಾಡಿಕೆಯ ದಾರಿ, ಅದಕ್ಕೆ ಬೇರೆ ಡಿಒಐ ಬರುತ್ತದೆ.