ಎಂಬಿಬಿಎಸ್ ಬಿಟ್ಟು ಬಿಡಿಎಸ್: ಕಾರವಾರದಿಂದ ಹೊರಡುವ ಮುನ್ನ

ಎಂಬಿಬಿಎಸ್‌ನಿಂದ ದಂತವೈದ್ಯ ಪದವಿಯಾದ ಬಿಡಿಎಸ್‌ಗೆ ನೇರ ವರ್ಗಾವಣೆ ಇಲ್ಲ. ಪ್ರವೇಶ ಪರೀಕ್ಷೆ ನೀಟ್‌ನ ಅಂಕ ಆಯಾ ವರ್ಷದ ಪ್ರವೇಶಕ್ಕಷ್ಟೇ ಲೆಕ್ಕ. ಹಾಗಾಗಿ ಮತ್ತೆ ಬರೆಯಲೇಬೇಕು. 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು. ಮೆಡಿಕಲ್ ಓದುತ್ತಿರುವವರಿಗೆ ಕೈಕೊಡುವುದು ಮರೆತುಹೋದ ಭೌತಶಾಸ್ತ್ರ, ಅದರಿಂದಲೇ ಶುರುಮಾಡಿ.

ಸೀಟು ಬಿಡುವ ಅರ್ಜಿ ಕೊಡುವ ಮೊದಲು, ಪ್ರವೇಶದ ವೇಳೆ ಸಹಿ ಹಾಕಿದ ಮುಚ್ಚಳಿಕೆ ತೆಗೆದು ಓದಿ. ದಂಡ ಎಷ್ಟು, ಉಳಿದ ವರ್ಷಗಳ ಶುಲ್ಕ ಕೇಳುತ್ತಾರೆಯೇ, ಟಿ.ಸಿ. ಮತ್ತು ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಅಂಕಪಟ್ಟಿ ಯಾವಾಗ ಕೈಗೆ ಸಿಗುತ್ತವೆ ಎಂಬುದನ್ನು ಕಾಲೇಜಿನ ಕಚೇರಿಯಿಂದ ಬರಹದಲ್ಲೇ ಪಡೆಯಿರಿ. ಬಾಯಿಮಾತು ನಂಬಿದರೆ ಸೀಟು ಸಿಕ್ಕ ದಿನ ದಾಖಲೆ ಇಲ್ಲದೆ ಪರದಾಡಬೇಕಾಗುತ್ತದೆ.

ರಾಜ್ಯದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೌನ್ಸೆಲಿಂಗ್. ಸರ್ಕಾರಿ ದಂತ ಕಾಲೇಜು ಬೆಂಗಳೂರು, ಬಳ್ಳಾರಿಯಲ್ಲಿವೆ. ಶಿರಸಿಯವರಿಗೆ ಧಾರವಾಡದ ಖಾಸಗಿ ಕಾಲೇಜು ಹತ್ತಿರ, ಶುಲ್ಕ ಮಾತ್ರ ಬೇರೆಯೇ ಲೆಕ್ಕ. ಕಾರವಾರಕ್ಕೆ ಸಮೀಪದ್ದು ಗೋವಾದ ಬಾಂಬೋಳಿಯ ಸರ್ಕಾರಿ ಕಾಲೇಜು. ಅಲ್ಲಿಗೆ ನಮ್ಮವರ ದಾರಿ ಶೇ 15ರ ಅಖಿಲ ಭಾರತ ಕೋಟಾ, ಅದಕ್ಕೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯಲ್ಲಿ (ಎಂಸಿಸಿ) ಪ್ರತ್ಯೇಕ ನೋಂದಣಿ.

ಎಲ್ಲಕ್ಕಿಂತ ಮುಖ್ಯ, ಕೈ ಪರೀಕ್ಷಿಸಿಕೊಳ್ಳಿ. ಬಿಡಿಎಸ್ ಮೊದಲ ವರ್ಷದಲ್ಲೇ ಮೇಣದ ತುಂಡಿನಲ್ಲಿ ಹಲ್ಲು ಕೆತ್ತಬೇಕು. ಒಂದು ತುಂಡು, ಕೆತ್ತುವ ಉಳಿ ತರಿಸಿ ಮೇಲಿನ ಮುಂಹಲ್ಲೊಂದನ್ನು ಅಳತೆಗೆ ಸರಿಯಾಗಿ ಕೆತ್ತಿ ನೋಡಿ. ಒಮ್ಮೆಗೇ ಆಳಕ್ಕೆ ಕೊರೆದರೆ ಅಂಚು ಮುರಿಯುತ್ತದೆ. ತೆಳುವಾಗಿ ಹೆರೆಯುತ್ತಾ ಹೋಗಿ. ಈ ಕೆಲಸ ಗಂಟೆಗಟ್ಟಲೆ ಬೇಸರವಿಲ್ಲದೆ ಸಾಗಿದರೆ ಮಾತ್ರ ಅರ್ಜಿ ಬರೆಯಿರಿ.